ನೌನ್, ವರ್ಬ್ ಎಲ್ಲಾ ಬಾಯಿಪಾಠ, ಆದ್ರೆ ಒಂದು ವಾಕ್ಯ ನೆಟ್ಟಗೆ ಬರ್ತಿಲ್ಲ. ಎಲ್ಲಿಂದ ಶುರು ಮಾಡಿಸಲಿ?

ಆಲೆಮನೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ನಮ್ಮೂರು ಮಂಡ್ಯದಿಂದ ಸ್ವಲ್ಪ ಒಳಗಡೆ. ಇಂಗ್ಲಿಷ್ ಗ್ರಾಮರಲ್ಲಿ ಪಾರ್ಟ್ಸ್ ಆಫ್ ಸ್ಪೀಚ್ (ಪದಗಳ ವರ್ಗಗಳು) ಯಾವ್ಯಾವುದು ಅಂದರೆ ಎಂಟನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ. ನೌನ್ ಅಂದರೇನು ಅಂದರೆ "ಎ ನೌನ್ ಈಸ್ ದಿ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್" ಅಂತ ತಟ್ಟನೆ ಬರುತ್ತೆ.

ಮೊನ್ನೆ ಒಂದು ವಾಕ್ಯ ಕೊಟ್ಟೆ. "ನಮ್ಮಪ್ಪ ನಿನ್ನೆ ಕಬ್ಬು ಕಡಿಸಿದರು", ಇದನ್ನ ಇಂಗ್ಲಿಷಲ್ಲಿ ಬರಿ ಅಂತ. ಅವಳು ಬರೆದದ್ದು ಇದು: "ಮೈ ಫಾದರ್ ಯೆಸ್ಟರ್ಡೇ ಶುಗರ್‌ಕೇನ್ ಕಟ್."

ಎಲ್ಲೋ ಎಡವಿದೆ ಅನ್ನೋದು ಓದಿದರೇ ಗೊತ್ತಾಗುತ್ತೆ. ಆದರೆ ಯಾಕೆ ಅಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಎಂಟೂ ಗೊತ್ತಿರುವ ಹುಡುಗಿಗೆ ಒಂದು ವಾಕ್ಯ ಯಾಕೆ ಬರಲ್ಲ? ಗೊತ್ತಿರೋರು ದಯವಿಟ್ಟು ಹೇಳಿ.

ಮದ್ದೂರ್_ವಡೆ

ಅಣ್ಣ, ವಾಕ್ಯ ಸರಿಯಾಗೇ ಇದೆ. ಪದಗಳು ಮಾತ್ರ ಇಂಗ್ಲಿಷು.

ನಿವೃತ್ತ_ಮೇಷ್ಟ್ರು

ವಡೆಯವರು ತಮಾಷೆಗೆ ಅಂದಿದ್ದು ನೂರಕ್ಕೆ ನೂರು ನಿಜ. ಆ ಮಗು ಬರೆದದ್ದು ಅಚ್ಚಕನ್ನಡ ವಾಕ್ಯ. ಯಾರು, ಯಾವಾಗ, ಏನನ್ನು, ಏನು ಮಾಡಿದರು. ನಾವು ಮಾತಾಡೋದೇ ಹೀಗೆ, ಕ್ರಿಯಾಪದ ಕೊನೆಗೆ. ಇಂಗ್ಲಿಷಲ್ಲಿ ಕರ್ತೃ ಆದ ಮೇಲೆ ವರ್ಬು, ವರ್ಬಿನ ಬೆನ್ನಿಗೇ ಕರ್ಮ. ನಡುವೆ "ಯೆಸ್ಟರ್ಡೇ" ನುಗ್ಗುವ ಹಾಗಿಲ್ಲ. ಅದು ಬೇಕಾದರೆ ವಾಕ್ಯದ ಮುಂದೆ ಕೂರಲಿ, ಇಲ್ಲ ಕೊನೆಗೆ ಹೋಗಲಿ.

ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನು. ನನ್ನ ಪ್ರಕಾರ ಪಾರ್ಟ್ಸ್ ಆಫ್ ಸ್ಪೀಚಿಂದ ಪಾಠ ಶುರು ಮಾಡೋದೇ ಉಲ್ಟಾ. ಮೊದಲು ವಾಕ್ಯದಲ್ಲಿ ಎಷ್ಟು ಜಾಗ ಇದೆ ಅಂತ ತೋರಿಸಬೇಕು. ಆ ಜಾಗದಲ್ಲಿ ಬಂದು ಕೂರುವ ಪದಕ್ಕೆ ಹೆಸರು ಆಮೇಲೆ.

ಯಾಕೆ ಅಂತೀರಾ? "ಹಸು ಹುಡುಗನನ್ನು ಒದೆಯಿತು." "ಹುಡುಗನನ್ನು ಹಸು ಒದೆಯಿತು." ಹೇಗೆ ಹೇಳಿದರೂ ಒದೆ ತಿಂದವನು ಹುಡುಗನೇ. "ಅನ್ನು" ಪ್ರತ್ಯಯ ಅವನ ಬೆನ್ನಿಗಿದೆ, ಅವನು ವಾಕ್ಯದಲ್ಲಿ ಎಲ್ಲಿ ಹೋಗಿ ನಿಂತರೂ ಕರ್ಮವೇ. ಈಗ "ದಿ ಕೌ ಕಿಕ್ಡ್ ದಿ ಬಾಯ್" ಅನ್ನೋದನ್ನ ತಿರುಗಿಸಿ. "ದಿ ಬಾಯ್ ಕಿಕ್ಡ್ ದಿ ಕೌ." ಹುಡುಗನ ಮೇಲೆ ಕೇಸು! ಪದ ಒಂದೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಯಿತು. ಇಂಗ್ಲಿಷಲ್ಲಿ ಯಾರು ಕರ್ತೃ, ಯಾರು ಕರ್ಮ ಅಂತ ಹೇಳೋದು ಜಾಗವೇ. ಕನ್ನಡದಲ್ಲಿ ಆ ಕೆಲಸ ಪ್ರತ್ಯಯದ್ದು.

ಆಲೆಮನೆಯವರೇ, ನಿಮಗೆ ಅಚ್ಚಿನ ವಿಷಯ ಬೇರೆ ಹೇಳಬೇಕಾಗಿಲ್ಲ. ಪಾಕ ಯಾವ ಗದ್ದೆಯ ಕಬ್ಬಿನದಾದರೂ ಅಚ್ಚು ಹೇಗಿದೆಯೋ ಬೆಲ್ಲ ಹಾಗೆ. ಇಂಗ್ಲಿಷ್ ವಾಕ್ಯಕ್ಕೂ ಮುಖ್ಯವಾಗಿ ಐದು ಅಚ್ಚುಗಳಿವೆ. ಮೊದಲನೆಯದು ಬರೀ ಕರ್ತೃ ಮತ್ತು ವರ್ಬು: "ದಿ ಬಸ್ ಕೇಮ್." ಎರಡನೆಯದಕ್ಕೆ ಕರ್ಮ ಸೇರುತ್ತೆ: "ಮೈ ಫಾದರ್ ಗ್ರೋಸ್ ಶುಗರ್‌ಕೇನ್." ಮೂರನೆಯದರಲ್ಲಿ ನಮ್ಮ ಮಕ್ಕಳು ತುಂಬಾ ಎಡವುತ್ತಾರೆ: "ಮೈ ಫಾದರ್ ಈಸ್ ಎ ಫಾರ್ಮರ್." ಕನ್ನಡದಲ್ಲಿ "ನಮ್ಮಪ್ಪ ರೈತ" ಅಂದರೆ ಮುಗೀತು, ಕ್ರಿಯಾಪದವೇ ಬೇಡ. ಇಂಗ್ಲಿಷಲ್ಲಿ ವರ್ಬಿನ ಜಾಗ ಖಾಲಿ ಬಿಡುವ ಹಾಗಿಲ್ಲ, "ಈಸ್" ಬಂದು ಕೂರಲೇಬೇಕು. ನಾಲ್ಕನೆಯದು "ಹೀ ಗೇವ್ ಮಿ ಎ ಪೆನ್", ಕೊಟ್ಟವನು, ಯಾರಿಗೆ, ಏನನ್ನು. ಐದನೆಯದು "ದೇ ಮೇಡ್ ಹಿಮ್ ಪ್ರೆಸಿಡೆಂಟ್", ಡೇರಿಗೆ ಅಧ್ಯಕ್ಷನನ್ನಾಗಿ ಮಾಡಿದ ಹಾಗೆ.

ಒಂಬತ್ತನೇ ಕ್ಲಾಸಿಗೆ ಮೊದಲ ಮೂರು ಕೈಗೆ ಕೂತರೆ ಸಾಕು. ಉಳಿದೆರಡು ಹಿಂದೆಯೇ ಬರುತ್ತವೆ.

ಟ್ಯೂಷನ್_ಅಕ್ಕ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ನಾನು ಮೈಸೂರಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅಡಿಗೆರೆ ಎಳೆದ ಪದ ಯಾವ ಪಾರ್ಟ್ ಆಫ್ ಸ್ಪೀಚ್ ಅಂತ ಪರೀಕ್ಷೆಯಲ್ಲಿ ಕೇಳಿದಾಗ ಮಗು "ಜಾಗ" ಅಂತ ಬರೆಯೋಕಾಗುತ್ತಾ? ಹೆಸರು ಗೊತ್ತಿರಲೇಬೇಕು. ಹೆಸರು ಕಲಿಸೋದು ಸುಮ್ನೆ ಅಲ್ಲ.

ವ್ಯಾಖ್ಯೆ ಬಾಯಿಪಾಠ ಮಾಡಿಸೋದರ ಬದಲು ನಾನು ಮಾಡೋದು ಹೀಗೆ. ಪದದ ಮುಂದೆ "ದಿ" ಇಟ್ಟು ನೋಡು, ಕೊನೆಗೆ ಬಹುವಚನದ ಎಸ್ ಹಚ್ಚಿ ನೋಡು. ಒಪ್ಪಿದರೆ ನೌನ್. ಪದವನ್ನ ನಿನ್ನೆಗೆ ತಳ್ಳಿ ನೋಡು, ರೂಪ ಬದಲಾಯಿಸಿಕೊಂಡರೆ ವರ್ಬ್: ವಾಕ್, ವಾಕ್ಡ್. ಮುಂದೆ "ವೆರಿ" ಹಾಕಿ ಹಿಂದೆ ಒಂದು ನೌನ್ ಇಡು, ಕೂತರೆ ಅಡ್ಜೆಕ್ಟಿವ್: ವೆರಿ ಸ್ವೀಟ್ ಜ್ಯೂಸ್. ಹೇಗೆ, ಯಾವಾಗ, ಎಲ್ಲಿ ಅಂತ ವರ್ಬನ್ನ ಕೇಳಿ ಬಂದ ಉತ್ತರ ಅಡ್ವರ್ಬ್. ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಪದ ಸಿಕ್ಕಿಬೀಳುತ್ತೆ.

ಒಂಟಿಕೊಪ್ಪಲ್_ಹಳಬ

ಅಕ್ಕಾವ್ರೇ, ಪರೀಕ್ಷೆ ಚೆನ್ನಾಗಿದೆ, ಆದರೆ ಜೊತೆಗೆ ಎಚ್ಚರಿಕೆನೂ ಹೇಳಿಕೊಡಿ. "ವುಡನ್" ಅಡ್ಜೆಕ್ಟಿವೇ, ಆದರೆ "ವೆರಿ ವುಡನ್ ಡೋರ್" ಅಂತ ಯಾರೂ ಅನ್ನಲ್ಲ. "ರೈಸ್"ಗೆ ಬಹುವಚನದ ಎಸ್ ಹಚ್ಚಲ್ಲ, ಆದರೂ ಅದು ನೌನ್. ಪದದ ಬಾಲ ನೋಡಿ ಹೇಳೋದೂ ಅಷ್ಟೇ. ಕೊನೆಗೆ "ಲಿ" ಇದ್ದರೆ ಅಡ್ವರ್ಬ್ ಅಂತ ಕಲಿತ ಹುಡುಗ "ಫ್ರೆಂಡ್ಲಿ"ಯನ್ನೂ ಆ ಪಟ್ಟಿಗೇ ಸೇರಿಸುತ್ತಾನೆ. ಅದು ಅಡ್ಜೆಕ್ಟಿವ್.

ವ್ಯಾಖ್ಯೆಯ ಕಥೆ ಇನ್ನೂ ಕಷ್ಟ. ನೌನ್ ಅಂದರೆ ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ಅಂದಿರಿ. "ಆರೈವಲ್" ಯಾವುದು? ಬಂದು ತಲುಪೋದು ವಸ್ತುವೂ ಅಲ್ಲ, ಸ್ಥಳವೂ ಅಲ್ಲ. ವರ್ಬ್ ಅಂದರೆ ಕ್ರಿಯೆ ಅಂದಿರಿ. "ನೋ" ಅಂದರೆ ಗೊತ್ತಿರೋದು, ಅದರಲ್ಲಿ ಏನು ಕ್ರಿಯೆ ಇದೆ? ವಾಕ್ಯದಲ್ಲಿ ಪದ ಎಲ್ಲಿ ಕೂತಿದೆ ಅಂತ ನೋಡದೆ ಗತಿ ಇಲ್ಲ.

ಒಂದೇ ಪದ ಐದು ಜಾಗದಲ್ಲಿ ಕೂತರೆ ಏನಾಗುತ್ತೆ ನೋಡಿ. "ದೇರ್ ಈಸ್ ಎ ವೆಲ್ ಇನ್ ಅವರ್ ವಿಲೇಜ್", ಊರಲ್ಲಿ ಬಾವಿ ಇದೆ, ಇಲ್ಲಿ ವೆಲ್ ನೌನ್. "ಶಿ ಸಿಂಗ್ಸ್ ವೆಲ್", ಇಲ್ಲಿ ಅಡ್ವರ್ಬ್. "ಐ ಆಮ್ ವೆಲ್", ಆರೋಗ್ಯವಾಗಿದ್ದೀನಿ, ಇಲ್ಲಿ ಅಡ್ಜೆಕ್ಟಿವ್. "ವೆಲ್, ಲೆಟ್ ಅಸ್ ಗೋ", ಸರಿ ಹೋಗೋಣ, ಇಲ್ಲಿ ಇಂಟರ್ಜೆಕ್ಷನ್, ಅಂದರೆ ಉದ್ಗಾರ. "ಟಿಯರ್ಸ್ ವೆಲ್ಡ್ ಅಪ್ ಇನ್ ಹರ್ ಐಸ್", ಕಣ್ಣಲ್ಲಿ ನೀರು ಉಕ್ಕಿತು, ಇಲ್ಲಿ ವರ್ಬ್. ಪದವನ್ನ ಒಂಟಿಯಾಗಿ ಬೋರ್ಡ್ ಮೇಲೆ ಬರೆದು "ಇದು ಯಾವ ಪಾರ್ಟ್ ಆಫ್ ಸ್ಪೀಚ್" ಅಂತ ಕೇಳಿದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಮದ್ದೂರ್_ವಡೆ

ನಂದೂ ಒಂದು ಇರಲಿ. "ದಿ ಬಸ್ ಸ್ಟಾಪ್ಸ್ ಇನ್ ಮದ್ದೂರ್." ಇದರಲ್ಲಿ ಸ್ಟಾಪ್ಸ್ ನೌನಾ, ವರ್ಬಾ?

ನಿವೃತ್ತ_ಮೇಷ್ಟ್ರು

ಭಲೇ! ಅಲ್ಲಿಗೇ ನಿಲ್ಲಿಸಿದರೆ ಪೂರ್ತಿ ವಾಕ್ಯ, ಸ್ಟಾಪ್ಸ್ ವರ್ಬು. ಮುಂದಕ್ಕೆ ಬರೆದರೆ ಮಾತ್ರ ಯೋಚನೆ ಮಾಡಬೇಕಾಗುತ್ತೆ. "ದಿ ಬಸ್ ಸ್ಟಾಪ್ಸ್ ಇನ್ ಮದ್ದೂರ್ ಫಾರ್ ಟಿಫನ್" ಅಂದರೆ ಬಸ್ಸು ತಿಂಡಿಗೆ ನಿಲ್ಲುತ್ತೆ, ಇಲ್ಲೂ ವರ್ಬು. "ದಿ ಬಸ್ ಸ್ಟಾಪ್ಸ್ ಇನ್ ಮದ್ದೂರ್ ಆರ್ ಕ್ರೌಡೆಡ್" ಅಂದರೆ ಮದ್ದೂರಿನ ಬಸ್ ಸ್ಟಾಪುಗಳಲ್ಲಿ ಜನ ಜಾಸ್ತಿ, ಈಗ ಅದೇ ಪದ ನೌನು. "ಆರ್" ಬಂದು ವರ್ಬಿನ ಜಾಗ ಹಿಡಿಯಿತು, ಹಾಗಾಗಿ ಸ್ಟಾಪ್ಸ್ ಕರ್ತೃವಿನ ಕಡೆಗೆ ಸರಿಯಿತು.

ಇನ್ನೊಂದು ಮಜಾ ಇದೆ. ಆ ಕೊನೆಯ ಎಸ್ ನೋಡಿ. ನೌನಿಗೆ ಹತ್ತಿದರೆ ಬಹಳ, ವರ್ಬಿಗೆ ಹತ್ತಿದರೆ ಒಂದೇ. ಸ್ಟಾಪುಗಳು ಹಲವು ಅಂತ ಅಲ್ಲಿ, ಬಸ್ಸು ಒಂದೇ ಅಂತ ಇಲ್ಲಿ. "ದಿ ಬಾಯ್ ಪ್ಲೇ", "ದಿ ಬಾಯ್ಸ್ ಪ್ಲೇಸ್" ಅಂತ ಮಕ್ಕಳು ಬರೆಯೋದು ಇದೇ ಗಲಿಬಿಲಿಯಿಂದ. ಬಹುವಚನಕ್ಕೆ ಎಸ್ ಅಂತ ಒಂದೇ ಸಾಲಲ್ಲಿ ಹೇಳಿಕೊಟ್ಟರೆ ಅವರ ತಪ್ಪೇನಿದೆ?

ಸರಸ್ವತಿಪುರಂ_ತಾಯಿ

ಎಲ್ಲರೂ ಕನ್ನಡದ ಜೊತೆ ತೂಗಿ ತೂಗಿ ಹೇಳ್ತಿದ್ದೀರಿ. ಅದೇ ಸಮಸ್ಯೆ ಅಂತ ನನಗನ್ನಿಸುತ್ತೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸೋದರಿಂದಲೇ "ಫಾದರ್ ಯೆಸ್ಟರ್ಡೇ ಶುಗರ್‌ಕೇನ್" ಬಂದಿದ್ದು. ನಮ್ಮ ಮಗನಿಗೆ ಮೊದಲಿಂದ ಇಂಗ್ಲಿಷಲ್ಲೇ ಮಾತಾಡಿಸಿದ್ವಿ, ಅವನಿಗೆ ಗ್ರಾಮರ್ ಬೇಕಾಗೇ ಇಲ್ಲ. ಇಂಗ್ಲಿಷಲ್ಲೇ ಯೋಚಿಸೋದು ಕಲಿಸಿ, ಸಾಕು.

ಕಾವೇರಿ_ಬಿಎಸ್ಸಿ

ಆಂಟಿ, ಮನೇಲಿ ಇಂಗ್ಲಿಷ್ ಮಾತಾಡೋರು ಇದ್ದರೆ ಅದು ಆಗುತ್ತೆ. ನಮ್ಮಂಥವರ ಮನೇಲಿ? ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಸೈನ್ಸ್ ತಗೊಂಡು ಒಮ್ಮೆಲೇ ಇಂಗ್ಲಿಷಿಗೆ ಬಿದ್ದವಳು. "ಇಂಗ್ಲಿಷಲ್ಲೇ ಯೋಚಿಸು" ಅಂತ ಕಾಲೇಜಲ್ಲೂ ಹೇಳಿದ್ದರು. ತಲೇಲಿ ಇಲ್ಲದ ಭಾಷೇಲಿ ಯೋಚಿಸೋದು ಹೇಗೆ ಅಂತ ಯಾರೂ ಹೇಳಲಿಲ್ಲ.

ನನಗೆ ಕೈ ಹಿಡಿದದ್ದು ಕನ್ನಡ ವ್ಯಾಕರಣವೇ. ಕರ್ತೃ, ಕರ್ಮ, ಕ್ರಿಯಾಪದ ಎಂಟನೇ ಕ್ಲಾಸಲ್ಲೇ ಗೊತ್ತಿತ್ತು. ವಿಭಕ್ತಿ ಏಳೂ ಗೊತ್ತಿತ್ತು. ಪ್ರಿಪೊಸಿಷನ್ ಅಂದರೆ ನಮ್ಮ ವಿಭಕ್ತಿ ಮಾಡುವ ಕೆಲಸವನ್ನ ಪದದ ಮುಂದೆ ನಿಂತು ಮಾಡೋದು ಅಂತ ತಿಳಿದ ಮೇಲೆ ಅರ್ಧ ಭಯ ಹೋಯಿತು. ಮೈಸೂರಿನಿಂದ, ಫ್ರಮ್ ಮೈಸೂರು. ಹಿಂದಿದ್ದದ್ದು ಮುಂದೆ ಬಂತು, ಅಷ್ಟೇ.

ಉಳಿದರ್ಧ ಭಯ ಮಾತ್ರ ಸುಮಾರು ದಿನ ಇತ್ತು. ಯಾಕಂದ್ರೆ ನಮ್ಮ ಒಂದು "ಇಂದ"ಕ್ಕೆ ಅಲ್ಲಿ ಒಂದು ಡಜನ್. ಚಾಕುವಿನಿಂದ ಹೆಚ್ಚಿದೆ ಅಂದರೆ "ವಿತ್ ಎ ನೈಫ್". ಅವನಿಂದ ಆಯಿತು ಅಂದರೆ "ಬೈ ಹಿಮ್". ಸೋಮವಾರದಿಂದ ಜ್ವರ ಅಂದರೆ "ಸಿನ್ಸ್ ಮಂಡೇ". ಎರಡು ದಿನದಿಂದ ಜ್ವರ ಅಂದರೆ "ಫಾರ್ ಟೂ ಡೇಸ್", ಅಲ್ಲಿ "ಫ್ರಮ್ ಟೂ ಡೇಸ್" ಅಂದರೆ ನಗ್ತಾರೆ. "ಅಲ್ಲಿ" ತಗೊಂಡರೂ ಹಾಗೇ. ಮನೆಯಲ್ಲಿ, ಬಸ್ಸಿನಲ್ಲಿ, ಸ್ಟ್ಯಾಂಡಿನಲ್ಲಿ, ಎಲ್ಲಾ ಒಂದೇ ನಮಗೆ. ಅವರಿಗೆ "ಇನ್ ದಿ ಹೌಸ್", "ಆನ್ ದಿ ಬಸ್", "ಅಟ್ ದಿ ಬಸ್ ಸ್ಟ್ಯಾಂಡ್". ಇದಕ್ಕೆ ಒಂದು ಸೂತ್ರ ಅಂತ ಇಲ್ಲ. ಪದವನ್ನ ಅದರ ಪ್ರಿಪೊಸಿಷನ್ ಜೊತೆ ಸೇರಿಸೇ ಬರೆದಿಟ್ಟುಕೊಂಡೆ.

ಟ್ಯೂಷನ್_ಅಕ್ಕ

ಕಾವೇರಿ, ನೀನು "ಗೆ" ಬಿಟ್ಟುಬಿಟ್ಟೆ. ನನ್ನ ಹತ್ತಿರ ಬರುವ ಮಕ್ಕಳಿಗೆ ದೊಡ್ಡ ಗುಂಡಿ ಅದೇ.

"ಗೆ" ಅಂದರೆ "ಟು" ಅಂತ ಕಲಿತಿರುತ್ತಾರೆ. ಮಂಡ್ಯಕ್ಕೆ ಹೋದೆ, "ಟು ಮಂಡ್ಯ", ಸರಿ. ಆಮೇಲೆ "ನನಗೆ ಹಸಿವು" ಬಂತು. "ಟು ಮಿ ಹಂಗರ್" ಅಂತ ಒಬ್ಬ ಬರೆದ. "ಐ ಆಮ್ ಹಂಗ್ರಿ" ಅಂತ ತಿದ್ದಿದೆ. "ನನಗೆ ಇಬ್ಬರು ತಂಗಿಯರು" ಅಂದರೆ "ಐ ಹ್ಯಾವ್ ಟೂ ಸಿಸ್ಟರ್ಸ್". "ಅವಳಿಗೆ ಈಜು ಬರುತ್ತೆ" ಅಂದರೆ "ಶಿ ಕ್ಯಾನ್ ಸ್ವಿಮ್". "ನನಗೆ ಬೇಕು" ಅಂದರೆ "ಐ ವಾಂಟ್". ಹಸಿವು, ಜ್ವರ, ಇಷ್ಟ, ನೆನಪು, ನಾಚಿಕೆ, ಇಂಥದ್ದೆಲ್ಲ ನಮ್ಮಲ್ಲಿ "ನನಗೆ" ಆಗುತ್ತೆ. ಇಂಗ್ಲಿಷಲ್ಲಿ ಬಹಳಷ್ಟು ಸಲ "ಐ" ಬಂದು ಕರ್ತೃವಿನ ಜಾಗದಲ್ಲಿ ಕೂರಬೇಕು. ಇದೊಂದನ್ನ ಕೂರಿಸಿ ಹೇಳಿಕೊಟ್ಟರೆ ದಿನಾ ಬರುವ ಎಷ್ಟೋ ತಪ್ಪು ತಾನಾಗೇ ನಿಲ್ಲುತ್ತೆ.

ಆಲೆಮನೆ_ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳನ್ನ ಪಕ್ಕದಲ್ಲೇ ಕೂರಿಸಿಕೊಂಡು ಓದಿದೆ. "ಮೈ ಫಾದರ್ ಕಟ್ ಶುಗರ್‌ಕೇನ್ ಯೆಸ್ಟರ್ಡೇ" ಅಂತ ತಾನೇ ತಿದ್ದಿದಳು. ಆದರೆ ಮೇಷ್ಟ್ರೇ, ಒಂದು ಅನುಮಾನ. ನಾನು ಕಡಿದಿಲ್ಲ, ಆಳು ಇಟ್ಟು ಕಡಿಸಿದ್ದು. ಈ ವಾಕ್ಯ ಓದಿದರೆ ನಾನೇ ಮಚ್ಚು ಹಿಡಿದ ಹಾಗಿದೆ.

ನಿವೃತ್ತ_ಮೇಷ್ಟ್ರು

ಸರಿಯಾದ ಪ್ರಶ್ನೆ ಕೇಳಿದಿರಿ. ಕನ್ನಡದಲ್ಲಿ ಕಡಿ, ಕಡಿಸು. ಮಾಡು, ಮಾಡಿಸು. ಬರೆ, ಬರೆಸು. ಧಾತುವಿಗೆ "ಇಸು" ಅಂಟಿಸಿದರೆ ಮುಗೀತು, ಕೆಲಸ ಬೇರೆಯವರ ಹೆಗಲಿಗೆ. ಇಂಗ್ಲಿಷಲ್ಲಿ ಹೀಗೆ ಅಂಟಿಸೋಕೆ ಪ್ರತ್ಯಯ ಇಲ್ಲ. ಅಲ್ಲಿ ಇನ್ನೊಂದು ವರ್ಬು ತಂದು ವರ್ಬಿನ ಜಾಗದಲ್ಲಿ ಕೂರಿಸಬೇಕು: "ಮೈ ಫಾದರ್ ಗಾಟ್ ದಿ ಶುಗರ್‌ಕೇನ್ ಕಟ್ ಯೆಸ್ಟರ್ಡೇ."

ಈಗ ಮಗಳಿಗೆ ತೋರಿಸಿ. ವರ್ಬಿನ ಜಾಗದಲ್ಲಿರೋದು "ಗಾಟ್". "ಕಟ್" ಕಬ್ಬಿನ ಹಿಂದಕ್ಕೆ ಹೋಗಿದೆ. ಹಿಂದಿನ ವಾಕ್ಯದಲ್ಲಿ ಅದು ಭೂತಕಾಲದ ವರ್ಬು, ಇಲ್ಲಿ ಅದು ವರ್ಬಿನ ಮೂರನೇ ರೂಪ, ಪಾಸ್ಟ್ ಪಾರ್ಟಿಸಿಪಲ್ ಅಂತ ಹೆಸರು. "ಕಟ್" ವರ್ಬಿಗೆ ಮೂರೂ ರೂಪ ಒಂದೇ ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಬರೆಸಿದ್ದನ್ನ ತಗೊಳ್ಳಿ, ಕಾಣುತ್ತೆ: "ಹೀ ರೋಟ್ ಎ ಲೆಟರ್", ತಾನೇ ಬರೆದ. "ಹೀ ಗಾಟ್ ಎ ಲೆಟರ್ ರಿಟನ್", ಬರೆಸಿದ.

ನಿಮ್ಮ ಮಗಳ ಮೊದಲ ವಾಕ್ಯದಲ್ಲಿ "ಶುಗರ್‌ಕೇನ್ ಕಟ್" ಅಂತ ಅದೇ ಸಾಲಿನಲ್ಲಿತ್ತು ನೋಡಿ. "ಗಾಟ್" ಒಂದು ಬಿಟ್ಟುಹೋಗಿತ್ತು.

ಒಂಟಿಕೊಪ್ಪಲ್_ಹಳಬ

ಮೇಷ್ಟ್ರು ಪಾರ್ಟಿಸಿಪಲ್ ಅಂದಿದ್ದಕ್ಕೆ ಒಂದು ಹಳೇ ಕಥೆ. ಈ "ಎಂಟು" ಎಲ್ಲಿಂದ ಬಂತು ಗೊತ್ತಾ? ಕ್ರಿಸ್ತಪೂರ್ವ 2ನೇ ಶತಮಾನದ ಡಯೊನೀಸಿಯಸ್ ಥ್ರ್ಯಾಕ್ಸ್ ಎಂಬ ಗ್ರೀಕ್ ಪಂಡಿತನ ಹೆಸರಿನಲ್ಲಿರುವ ವ್ಯಾಕರಣದಲ್ಲಿ ಎಂಟು ಪದವರ್ಗ ಇವೆ. ಆದರೆ ಅವು ನಿಮ್ಮ ಮಗಳು ಹೇಳುವ ಎಂಟಲ್ಲ. ಅದರಲ್ಲಿ ಪಾರ್ಟಿಸಿಪಲ್ ಬೇರೆಯೇ ಒಂದು ವರ್ಗ, ಆರ್ಟಿಕಲ್ ("ದಿ" ಥರದ್ದು) ಇನ್ನೊಂದು ವರ್ಗ. ಅಡ್ಜೆಕ್ಟಿವ್ ಪ್ರತ್ಯೇಕ ಇರಲಿಲ್ಲ, ನೌನ್ ಒಳಗೇ ಸೇರಿತ್ತು. ಇಂಟರ್ಜೆಕ್ಷನ್ ಇರಲೇ ಇಲ್ಲ. ರೋಮನ್ನರ ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇಲ್ಲ, ಅದನ್ನ ಕೈಬಿಟ್ಟರು. ಇಂಟರ್ಜೆಕ್ಷನ್ ಸೇರಿಸಿಕೊಂಡರು, ಲೆಕ್ಕ ಮತ್ತೆ ಎಂಟೇ ಆಯಿತು! ಇಂಗ್ಲಿಷಿಗೆ ವ್ಯಾಕರಣ ಬರೆದವರು ಲ್ಯಾಟಿನ್ ಅಳತೆಯನ್ನೇ ತಂದು ಹೊಲಿದರು. ಅಡ್ಜೆಕ್ಟಿವ್ ಅಲ್ಲಿ ಬೇರೆ ವರ್ಗವಾಗಿ ಗಟ್ಟಿಯಾಗಿ ನಿಂತದ್ದು 18ನೇ ಶತಮಾನದ ಹೊತ್ತಿಗೆ.

ಈಗಿನ ವ್ಯಾಕರಣಗಳು ಎ, ಆನ್, ದಿ, ಮೈ, ದಿಸ್, ಸಮ್ ಇವನ್ನೆಲ್ಲ ಡಿಟರ್ಮಿನರ್ ಅಂತ ಬೇರೆ ಇಡುತ್ತವೆ. ಎಂಟರ ಪಟ್ಟಿಯಲ್ಲಿ "ದಿ"ಯನ್ನ ಅಡ್ಜೆಕ್ಟಿವ್ ಜೊತೆ ತಳ್ಳಿರುತ್ತಾರೆ. ಮಕ್ಕಳಿಗೆ ಅದು ಒಗಟಾಗುತ್ತೆ, ಅಲ್ವಾ?

ನಮ್ಮ ಕಡೆ ಲೆಕ್ಕ ಬೇರೆ. ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕನ ನಿರುಕ್ತ ಅನ್ನೋ ಹಳೇ ಸಂಸ್ಕೃತ ಗ್ರಂಥದಲ್ಲಿ ನಾಲ್ಕೇ: ನಾಮ (ನೌನ್), ಆಖ್ಯಾತ (ವರ್ಬ್), ಉಪಸರ್ಗ (ಮುಂದೆ ಸೇರುವ ಪ್ರ, ಪರಾ ಇಂಥವು), ನಿಪಾತ (ಚ, ವಾ ಇಂಥ ಚಿಕ್ಕ ಪದಗಳು). ಕೇಶಿರಾಜ 13ನೇ ಶತಮಾನದಲ್ಲಿ ಕನ್ನಡಕ್ಕೆ ಶಬ್ದಮಣಿದರ್ಪಣ ಬರೆದಾಗ ನಾಮ, ಆಖ್ಯಾತ, ಅವ್ಯಯ ಅಂತ ಪ್ರಕರಣ ಮಾಡಿದ. ಹಾಗಾಗಿ ಎಂಟು ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರೀಕ್ಷೆಗೆ ಎಂಟು ಬರೀಲಿ, ತೊಂದರೆ ಇಲ್ಲ.

ಇನ್ನು ಜಾಗದ ವಿಷಯ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ವಿಭಕ್ತಿ ಇತ್ತು. ರಾಜ ಕರ್ತೃವಾದರೆ "ಸೆ ಕ್ಯುನಿಂಗ್", ರಾಜನನ್ನು ಅನ್ನೋಕೆ "ಥೊನೆ ಕ್ಯುನಿಂಗ್". "ದಿ" ಅನ್ನೋದೇ ರೂಪ ಬದಲಿಸಿ ಯಾರು ಏನು ಅಂತ ಹೇಳುತ್ತಿತ್ತು. ಹಾಗಾಗಿ ಆಗ ಪದಗಳನ್ನ ಈಗಿಗಿಂತ ಆರಾಮಾಗಿ ಹಿಂದೆ ಮುಂದೆ ಮಾಡಬಹುದಿತ್ತು. ಪದದ ಕೊನೆಯ ಸ್ವರಗಳು ಬಾಯಲ್ಲಿ ಸವೆಯುತ್ತಾ ಬಂದವು. ಹೊರಗಿನಿಂದ ಬಂದ ನಾರ್ಸ್ ಭಾಷೆಯವರ ಒಡನಾಟ ಸೇರಿತು. 14ನೇ ಶತಮಾನದ ಹೊತ್ತಿಗೆ ಬಹುತೇಕ ಪ್ರತ್ಯಯ ಉದುರಿಹೋಗಿದ್ದವು. ಪ್ರತ್ಯಯ ಹೋದ ಮೇಲೆ ಜಾಗ ಬಿಗಿಯಾಯಿತು. ಹಳೆಯದರ ಚೂರು ಇನ್ನೂ ಉಳಿದಿದೆ: ಹೀ, ಹಿಮ್. ಶಿ, ಹರ್. ಹೂ, ಹೂಮ್. ಅವನು, ಅವನನ್ನು ಅಂತ ನಮ್ಮ ಹಾಗೇ.

ಮದ್ದೂರ್_ವಡೆ

ಅಂದ್ರೆ ಇಂಗ್ಲಿಷಿನವರು ವಿಭಕ್ತಿ ಕಳಕೊಂಡಿದ್ದಕ್ಕೆ ನಮ್ಮ ಹುಡುಗ್ರು ಕಷ್ಟ ಪಡ್ತಿರೋದು.

ಒಂಟಿಕೊಪ್ಪಲ್_ಹಳಬ

ಉಳಿದಿದ್ದಿದ್ದರೆ ಇನ್ನೂ ಕಷ್ಟ ಇತ್ತು ವಡೆಯವರೇ. ನೌನಿಗೆ ಲಿಂಗ ಬೇರೆ ಇತ್ತು ಆಗ, ಕಲ್ಲಿಗೊಂದು, ಹಡಗಿಗೊಂದು. ಈಗ ಎಷ್ಟೋ ಸಲೀಸು.

ಕಾವೇರಿ_ಬಿಎಸ್ಸಿ

ಜಾಗ ಬಿಗಿ ಅಂದಿರಲ್ಲ, ಅದಕ್ಕೇ ನನ್ನ ತಲೆಗೆ ಹತ್ತದೆ ಇದ್ದ ಒಂದು ವಿಷಯ ಈಗ ಹೊಳೀತು. "ಮಳೆ ಬರ್ತಿದೆ" ಅನ್ನೋಕೆ "ಇಟ್ ಈಸ್ ರೈನಿಂಗ್". ಈ "ಇಟ್" ಯಾರು ಅಂತ ಕೇಳಿದರೆ ನಮ್ಮ ಲೆಕ್ಚರರ್ ನಕ್ಕು ಸುಮ್ಮನಾಗಿದ್ದರು. ಅಲ್ಲಿ ಯಾರೂ ಇಲ್ಲ, ಕರ್ತೃವಿನ ಜಾಗ ಖಾಲಿ ಬಿಡಬಾರದು ಅಂತ ಕೂರಿಸಿದ್ದಾರೆ, ಹೌದಾ?

ನಿವೃತ್ತ_ಮೇಷ್ಟ್ರು

ಹೌದಮ್ಮಾ, ಅದೇ. ಕನ್ನಡದಲ್ಲಿ "ಬಂದೆ" ಅಂದರೆ ಒಂದೇ ಪದದಲ್ಲಿ ಪೂರ್ತಿ ವಾಕ್ಯ ಆಯಿತು. ಬಂದೆ, ಬಂದೆವು, ಬಂದ, ಬಂದಳು, ಬಂತು, ಬಂದರು, ಬಂದವನು ಯಾರು ಅಂತ ಕ್ರಿಯಾಪದವೇ ಹೇಳುತ್ತೆ. ಹಾಗಾಗಿ ನಾನು, ನೀನು ಬಿಟ್ಟರೂ ನಡೆಯುತ್ತೆ. "ಕೇಮ್" ಅಂದರೆ ಯಾರು ಬಂದರು? ನಾನಾ, ಅವನಾ, ಹಸುವಾ? ಗೊತ್ತಾಗಲ್ಲ. ಅದಕ್ಕೇ ಇಂಗ್ಲಿಷಲ್ಲಿ ಕರ್ತೃ ಕಡ್ಡಾಯ. "ಕಮ್ ಹಿಯರ್" ಅಂತ ಆಜ್ಞೆ ಮಾಡುವಾಗ ಮಾತ್ರ ರಿಯಾಯಿತಿ.

ಪ್ರಶ್ನೆ ಕೇಳುವಾಗಲೂ ಇದೇ ಜಾಗದ ಆಟ. ನಾವು ಕೊನೆಗೆ ಒಂದು ಆಕಾರ ಎಳೆದರೆ ಪ್ರಶ್ನೆ ಆಯಿತು: ಬರ್ತಾನಾ? ಹೋದ್ಯಾ? ಅಲ್ಲಿ ಜಾಗ ಅದಲುಬದಲು. "ಯು ಆರ್ ಗೋಯಿಂಗ್" ಇದ್ದದ್ದು "ಆರ್ ಯು ಗೋಯಿಂಗ್" ಆಗಬೇಕು. ನಮ್ಮವರು "ವೇರ್ ಯು ಆರ್ ಗೋಯಿಂಗ್" ಅಂತಲೇ ಕೇಳೋದು, ಅದಲುಬದಲಿನ ಅಭ್ಯಾಸ ನಮಗಿಲ್ಲ. ಸಹಾಯಕ ವರ್ಬ್ ಇಲ್ಲದಿದ್ದರೆ "ಡೂ" ಅನ್ನೋದನ್ನ ಕರೆದು ತಂದು ಮುಂದೆ ನಿಲ್ಲಿಸುತ್ತಾರೆ. "ಯು ವೆಂಟ್" ಇದ್ದದ್ದು "ಡಿಡ್ ಯು ಗೋ". ಭೂತಕಾಲದ ಭಾರ ಪೂರ್ತಿ "ಡಿಡ್" ಹೊತ್ತುಕೊಂಡಿದೆ, ಆದ್ದರಿಂದ "ವೆಂಟ್" ಮತ್ತೆ "ಗೋ" ಆಯಿತು. "ಡಿಡ್ ಯು ವೆಂಟ್" ಅಂದರೆ ಒಂದೇ ಭಾರ ಇಬ್ಬರ ತಲೆ ಮೇಲೆ. ಇಲ್ಲ ಅನ್ನುವಾಗಲೂ ಹೀಗೇ: "ಐ ಡಿಡ್ ನಾಟ್ ಗೋ."

ಸರಸ್ವತಿಪುರಂ_ತಾಯಿ

ಇಷ್ಟೆಲ್ಲ ಒಳಗಿದೆ ಅಂತ ನಾನು ಯೋಚಿಸಿರಲಿಲ್ಲ. ಆದರೂ ಕೇಳೋದು, ಓದೋದು ಜಾಸ್ತಿ ಆಗದೆ ಬರೀ ವಿವರಣೆಯಿಂದ ಭಾಷೆ ಬರಲ್ಲ ಅಂತ ನನ್ನ ಮಾತು ಹಾಗೇ ಇರುತ್ತೆ.

ಟ್ಯೂಷನ್_ಅಕ್ಕ

ಅದಕ್ಕೆ ಇಲ್ಲಿ ಯಾರೂ ಇಲ್ಲ ಅನ್ನಲ್ಲ ಮೇಡಂ. ಆಲೆಮನೆಯವರೇ, ಪರೀಕ್ಷೆ ದೃಷ್ಟಿಯಿಂದ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್ 80 ಅಂಕದ ಪತ್ರಿಕೆ, ಇನ್ನು 20 ಶಾಲೆಯ ಆಂತರಿಕ ಅಂಕ. ಆ 80ರಲ್ಲಿ ಪದಕ್ಕೆ ಹೆಸರು ಹೇಳುವ ಪ್ರಶ್ನೆ ಎಲ್ಲೋ ಒಂದು ಮೂಲೆಯಲ್ಲಿರುತ್ತೆ. ಪತ್ರ, ಪ್ರಬಂಧ, ಪಾಠದ ಪ್ರಶ್ನೆಗಳಿಗೆ ಉತ್ತರ, ಇದಕ್ಕೆಲ್ಲ ವಾಕ್ಯ ಬೇಕು. ಆ ಲೆಕ್ಕದಲ್ಲಿ ನೋಡಿದರೆ ಮೇಷ್ಟ್ರ ಅಚ್ಚುಗಳಿಗೇ ನನ್ನ ಓಟು.

ದಿನಾ ಸಂಜೆ ಗದ್ದೆಯಲ್ಲಿ, ಮನೆಯಲ್ಲಿ ನಡೆದದ್ದನ್ನೇ ನಾಲ್ಕು ವಾಕ್ಯ ಬರೆಸಿ. ಬರೆದ ಮೇಲೆ ವರ್ಬಿನ ಕೆಳಗೆ ಗೆರೆ ಎಳೀಲಿ. ಗೆರೆ ಬೀಳದ ವಾಕ್ಯ ಇದ್ದರೆ ಅಲ್ಲಿ "ಈಸ್" ಅಥವಾ "ಆರ್" ಬಿಟ್ಟಿದ್ದಾಳೆ ಅಂತ ಅರ್ಥ. ಗೆರೆ ಸಾಲಿನ ಕೊನೆಗೆ ಬಿದ್ದು, ಕರ್ಮ ಅದರ ಮುಂಚೆ ಇದ್ದರೆ ಕನ್ನಡದ ಅಚ್ಚಿಗೆ ಹೊಯ್ದಿದ್ದಾಳೆ. ಎರಡೂ ಅವಳ ಕಣ್ಣಿಗೇ ಕಾಣುತ್ತೆ, ನೀವು ತಿದ್ದೋದೂ ಬೇಡ.

ಉದ್ದ ವಾಕ್ಯಕ್ಕೆ ಈಗಲೇ ಕೈ ಹಾಕಿಸಬೇಡಿ. "ನಿನ್ನೆ ಬಂದ ಹುಡುಗ" ಅನ್ನೋದು ಅಲ್ಲಿ "ದಿ ಬಾಯ್ ಹೂ ಕೇಮ್ ಯೆಸ್ಟರ್ಡೇ" ಆಗುತ್ತೆ, ಹುಡುಗ ಮುಂದೆ, ಅವನ ವಿವರ ಹಿಂದೆ. ಚಿಕ್ಕ ವಾಕ್ಯ ನೆಟ್ಟಗಾದ ಮೇಲೆ ಹೂ, ವಿಚ್, ದಟ್ ತನ್ನಿ.

ಆಲೆಮನೆ_ಮಂಡ್ಯ

ಹಾಗೇ ಮಾಡ್ತೀನಿ ಅಕ್ಕ. ಇವತ್ತು ನಾಲ್ಕು ಬರೆದಳು. "ಟುಡೇ ಐ ವೆಂಟ್ ಟು ಹೋಮ್ ಅಟ್ ಫೈವ್" ಅಂತ ಒಂದಿದೆ. ವರ್ಬ್ ಸರಿಯಾದ ಜಾಗದಲ್ಲೇ ಇದೆ. ಆದರೆ "ವೆಂಟ್ ಹೋಮ್" ಅಂತ ಎಲ್ಲೋ ಓದಿದ ನೆನಪು. "ಟು ಸ್ಕೂಲ್" ಸರಿ, "ಟು ಹೋಮ್" ಯಾಕೆ ಬೇಡ?

ನಿವೃತ್ತ_ಮೇಷ್ಟ್ರು

"ಸ್ಕೂಲ್" ಅಲ್ಲಿ ನೌನು, ನೌನನ್ನ ವರ್ಬಿಗೆ ಸೇರಿಸೋಕೆ "ಟು" ಬೇಕು. "ವೆಂಟ್ ಹೋಮ್" ಅನ್ನುವಾಗ "ಹೋಮ್" ಕೂತಿರೋದು ಅಡ್ವರ್ಬಿನ ಜಾಗದಲ್ಲಿ, "ವೆಂಟ್ ದೇರ್", "ವೆಂಟ್ ಔಟ್" ಅಂದ ಹಾಗೆ. ಅಡ್ವರ್ಬಿಗೆ "ಟು" ಬೇಡ. "ಮೈ ಹೋಮ್ ಈಸ್ ಇನ್ ಮಂಡ್ಯ" ಅಂದಾಗ ಅದೇ ಪದ ನೌನು. ಎರಡೂ ವಾಕ್ಯ ಪಕ್ಕಪಕ್ಕ ಬರೆಸಿ, "ಹೋಮ್" ಕೆಳಗೆ ಗೆರೆ ಎಳೆದು ಯಾವುದು ಏನು ಅಂತ ಅವಳನ್ನೇ ಕೇಳಿ. ಅವಳು ಏನು ಹೇಳಿದಳು ಅಂತ ಇಲ್ಲಿ ಹಾಕಿ.